ಟಾವೆಲ್ ಒಣಗದ ಮೂರು ದಿನ

ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿ ನಾವು ಕಾಯಂ ಹೋಗುವ ಕಿರಾಣಿ ಅಂಗಡಿಯೊಂದಿದೆ. ಮೊನ್ನೆ ಅಲ್ಲಿ ಯುಗಾದಿಯ ಬೇವಿನ ಪಾನಕಕ್ಕೆಂದು ಉತ್ತತ್ತಿ, ಗಸಗಸೆ, ಪುಟಾಣಿ ಕಟ್ಟಿಸುತ್ತ ನಿಂತಿದ್ದೆ. ಅಂಗಡಿಯವರು ಹೊಸ ಪೆಟ್ಟಿಗೆಯೊಂದರ ಟೇಪು ಹರಿದು ಮುಚ್ಚಳ ಎತ್ತಿದರು. ಒಣದ್ರಾಕ್ಷಿಯ ಬಣ್ಣ ಕೆಡದಂತೆ ಹಾಕುವ ಗಂಧಕದ ಹೊಗೆಯ ವಾಸನೆ ಬಂದು ಮೂಗಿಗೆ ಬಡಿಯಿತು. "ಹಸರ ಮಣೂಕ ಬಂದೈತ್ರಿ ಅಕ್ಕಾರ, ನಿಮ್ಮ ತಿಕೋಟಾದ ಮಾಲು. ಒಂದೆರಡು ಬಾಯಾಗ ಹಾಕ್ಕೊಂಡು ನೋಡ್ರಿ," ಎಂದು ಅವರು ಒಂದು ಮುಷ್ಟಿ ಒಣದ್ರಾಕ್ಷಿ ಮುಂದೆ ಹಿಡಿದರು. ನಾನು ಕೈ ಚಾಚಲಿಲ್ಲ. ಕಟ್ಟಿದ ಸಾಮಾನನ್ನು ಅಲ್ಲೇ ಬಿಟ್ಟು, "ಆಮ್ಯಾಲ ಬರತೀನ್ರಿ," ಎಂದು ಹೊರಗೆ ಬಂದುಬಿಟ್ಟೆ. ಬಿಸಿಲು ಚುರುಗುಟ್ಟುತ್ತಿತ್ತು. ಆಟೋದವನೊಬ್ಬ ಹಾರ್ನ್ ಹೊಡೆದು, "ಯಾವ ಕಡೆ ನೋಡಾಕತ್ತೀರಿ ಅಕ್ಕಾರ?" ಎಂದು ಬೈದು ಹೋದ. ನಾನು ಆಕಾಶ ನೋಡುತ್ತಿದ್ದೆ. ಅದೊಂದು ಚಟ, ಐದು ವರ್ಷದಿಂದ ಬಿಟ್ಟಿಲ್ಲ.

ನಮ್ಮ ಮನೆಯ ಬೇವಿಗೆ ಐದು ವರ್ಷದಿಂದ ಒಣದ್ರಾಕ್ಷಿ ಬಿದ್ದಿಲ್ಲ. ಯಾಕೆ ಎಂದು ಮನೆಯವರು ಒಂದು ಸಲ ಕೇಳಿದರು. "ಹಲ್ಲಿಗಿ ಅಂಟತಾವ," ಎಂದೆ. ಸುಳ್ಳು ಹೇಳುವುದು ನನಗೆ ಕಷ್ಟವಲ್ಲ, ಅದನ್ನು ಹೊತ್ತುಕೊಂಡು ತಿರುಗುವುದು ಕಷ್ಟ.

ನಾನು ತಿಕೋಟಾದ ಮಗಳು, ಹೆಸರು ಸುನಂದಾ. ವಿಜಯಪುರಕ್ಕೆ ಕೊಟ್ಟಿದ್ದಾರೆ, ಇಲ್ಲೇ ಮನೆಯ ಮೇಲಿನ ಕೋಣೆಯಲ್ಲಿ ಹೊಲಿಗೆ ಕ್ಲಾಸು ನಡೆಸುತ್ತೇನೆ. ಹೊಲಿಗೆಯೆಂದರೆ ಕೂತು ಮಾಡುವ ಕೆಲಸ, ಆದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಒಂದು ಗುಂಡಿ ಹಚ್ಚುವುದರೊಳಗೆ ಎರಡು ಸಲ ಕಿಟಕಿಗೆ ಹೋಗಿ ಬರುತ್ತೇನೆ. "ಕಾಲಿಗಿ ಚಕ್ರ ಕಟಗೊಂಡು ಹುಟ್ಟೀದಿ ನೋಡು," ಎಂದು ಅವ್ವ ಸಣ್ಣಂದಿನಿಂದ ಅನ್ನುತ್ತ ಬಂದಿದ್ದಾಳೆ. ಆ ಚಕ್ರವೇ ಐದು ವರ್ಷದ ಹಿಂದಿನ ಬೇಸಿಗೆಯಲ್ಲಿ ನಮ್ಮಪ್ಪನ ದ್ರಾಕ್ಷಿ ತೋಟದ ಮೇಲೆ, ನಮ್ಮ ಮಾತಿನ ಪಡದ ಮೇಲೆ, ಹಾಯ್ದುಹೋಯಿತು.

ಬೇಸಿಗೆ ಬಂತೆಂದರೆ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಮಳೆ ಬೇಕು. ಆ ವರ್ಷವೂ ಭೂತನಾಳದ ಕೆರೆ ತಳ ಕಾಣಿಸಾಕತ್ತೈತಿ ಎಂದು ನಮ್ಮ ಓಣಿಯವರೆಲ್ಲ ಮೋಡದ ದಾರಿ ಕಾಯುತ್ತಿದ್ದರು. ತಿಕೋಟಾದಲ್ಲಿ ಮಾತ್ರ, ಮಣೂಕ ಮಾಡುವವರು, "ಇನ್ನ ಇಪ್ಪತ್ತು ದಿನ ಬರಬ್ಯಾಡಪಾ," ಎಂದು ಅದೇ ಮೋಡಕ್ಕೆ ಕೈ ಮುಗಿಯುತ್ತಿದ್ದರು. ಹಣ್ಣು ಕೊಯ್ದು, ಗೊನೆಗಳನ್ನು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನೊಳಗೆ ಒಂದರ ಮೇಲೊಂದು ಕಟ್ಟಿದ ಜಾಳಿಗೆಗಳ ಮೇಲೆ ಹರವುತ್ತಾರೆ. ಮೇಲೆ ತಗಡು, ನಾಲ್ಕೂ ಕಡೆ ಬಯಲು. ಬಯಲಿಗೆ ತಾಡಪತ್ರಿಯ ಪಡದಾ ಸುತ್ತಿ ಕಟ್ಟಿರುತ್ತಾರೆ, ಮಳೆ ಬಂದರೆ ಇಳಿಸಲಿಕ್ಕೆ. ಬಿಸಿಲು ನೇರ ಬೀಳಬಾರದು, ಬಿಸಿಗಾಳಿ ಮಾತ್ರ ಹಾಯಬೇಕು. ಹದಿನೈದು ದಿನ ಒಣಗಾಳಿ ಸಿಕ್ಕರೆ ಮಣೂಕ ತಿಳಿಹಸಿರಾಗಿ ನಿಲ್ಲುತ್ತದೆ. ತೇವ ಕೂತರೆ ಕರ್ರಗಾಗುತ್ತದೆ. ವರ್ಷದ ಬಾಳುವೆ ಆ ಹದಿನೈದು ದಿನದ ಗಾಳಿಯಲ್ಲಿ ತೂಗುತ್ತಿರುತ್ತದೆ.

ನಮ್ಮಪ್ಪನಿಗೆ ಗಾಳಿ ಅಳೆಯುವ ತನ್ನದೇ ಒಂದು ರೀತಿ ಇತ್ತು. ಹೆಗಲ ಮೇಲಿನ ಕೆಂಪು ಅಂಚಿನ ಟಾವೆಲನ್ನು ನೀರಿನಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ, ಶೆಡ್ಡಿನ ನಟ್ಟನಡುವಿನ ತಂತಿಗೆ ಹಾಕುತ್ತಿದ್ದ. ಆಮೇಲೆ ಪಡದ ಸುತ್ತ ಒಂದು ಸುತ್ತು ಹೋಗಿ ಬರುತ್ತಿದ್ದ. ಅಷ್ಟರಲ್ಲಿ ಟಾವೆಲ್ ಒಣಗಿರಬೇಕು. ಒಣಗಿದ್ದರೆ ಹೆಗಲಿಗೆ ಹಾಕಿಕೊಂಡು ಚಹಾ ಕೇಳುತ್ತಿದ್ದ, ಇಲ್ಲದಿದ್ದರೆ ಚಹಾ ಕೇಳುತ್ತಿರಲಿಲ್ಲ. ಅವ್ವ ಒಲೆಯ ಮುಂದಿನಿಂದಲೇ ತಿಳಿದುಕೊಳ್ಳುತ್ತಿದ್ದಳು. ಫೋನಿನಲ್ಲಿ ಹವಾಮಾನ ಬರುತ್ತದೆ ನೋಡು ಎಂದು ನಾನು ತೋರಿಸಿದರೆ, "ಅದು ಬೆಂಗಳೂರಾಗ ಕುಂತು ಹೇಳತೈತಿ, ನನ್ನ ಟಾವೆಲ್ ಶೆಡ್ಡಿನಾಗ ನಿಂತು ಹೇಳತೈತಿ," ಎನ್ನುತ್ತಿದ್ದ.

ಅದಕ್ಕೂ ಹಿಂದಿನ ಎರಡು ಬೇಸಿಗೆ ಚಂದ ಇರಲಿಲ್ಲ. ಹವಾ ಏನೇನೋ ಆಡುತ್ತಿತ್ತು. ಒಂದು ವರ್ಷ ಶಿವರಾತ್ರಿ ಮುಗಿಯುತ್ತಲೇ ಹಂಚು ಕಾದಂತೆ ಕಾದು, ಬಳ್ಳಿಯ ಮೇಲೇ ಹಣ್ಣು ಮೆತ್ತಗಾದವು. ಮರುವರ್ಷ ನಡು ಬೇಸಿಗೆಯಲ್ಲಿ ಅಡ್ಡಮಳೆ. ಸುತ್ತಲಿನವರು ಒಬ್ಬೊಬ್ಬರೇ ಬಳ್ಳಿ ಕಿತ್ತು ನಿಂಬೆ, ದಾಳಿಂಬೆ ಹಚ್ಚತೊಡಗಿದರು. ಅಪ್ಪನಿಗೆ ಮಾತ್ರ ಹವಾ ಕೆಟ್ಟಿತೆಂಬ ಮಾತನ್ನು ಸುಮ್ಮನೆ ನಂಬಿ ಬಳ್ಳಿ ಕಡಿಯುವ ಮನಸ್ಸಿರಲಿಲ್ಲ. ನನ್ನ ಮದುವೆಯ ವರ್ಷ ನೆಟ್ಟ ಬಳ್ಳಿಗಳು ಅವು. ಮೊದಲ ಹಣ್ಣು ಬಂದಾಗ ನಾನು ಬಸುರಿ. ಎರಡು ಗೊನೆ ಬಟ್ಟೆಯಲ್ಲಿ ಸುತ್ತಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ವಿಜಯಪುರಕ್ಕೆ ಬಂದಿದ್ದ. ಗಂಡುಮಕ್ಕಳಿಲ್ಲದ ಮನೆ, ನಾನು ಮತ್ತು ತಂಗಿ ಕಮಲಾ ಇಬ್ಬರೇ. ಕಮಲಾಳನ್ನು ಬಬಲೇಶ್ವರಕ್ಕೆ ಕೊಟ್ಟಿದೆ. ಪ್ರತಿ ವರ್ಷ ಮಣೂಕದ ಹೊತ್ತಿಗೆ ಕ್ಲಾಸಿಗೆ ಸೂಟಿ ಕೊಟ್ಟು ನಾನು ತಿಕೋಟಾಕ್ಕೆ ಹೋಗಿ ನಿಲ್ಲುವುದು ರೂಢಿಯಾಗಿತ್ತು.

ಆ ಬೇಸಿಗೆ ಹೋದ ದಿನವೇ ಅಪ್ಪ ನನ್ನನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದ.

"ಮಂದಿ ಎಲ್ಲಾ ಹವಾ ಕೆಟ್ಟೈತಿ, ಹವಾ ಕೆಟ್ಟೈತಿ ಅನ್ನಾಕತ್ತಾರ. ಕೆಟ್ಟೈತೋ ಇಲ್ಲೋ ಈ ಸಲ ನಾ ನೋಡೇ ಬಿಡತೀನಿ. ಎಣ್ಣಿ ಅಳತಿ ತಪ್ಪಂಗಿಲ್ಲ. ಜಾಳಿಗಿ ಮ್ಯಾಲ ತೆಳ್ಳಗ ಹರವೋದು. ಪಡದಾ ಹನಿ ಬಿದ್ದಾಗಷ್ಟ ಇಳಿಸೋದು, ಹನಿ ನಿಂತ ಕೂಡ್ಲೆ ಎತ್ತೋದು. ಇಷ್ಟು ಮಾಡಿನೂ ಮಣೂಕ ಕರ್ರಗಾತಂದ್ರ, ಗಾಳಿನಽ ಕೆಟ್ಟೈತಿ ಅಂತ ತಿಳಕೊಂಡು ಬಳ್ಳಿ ಕಡಿಸಿ ನಿಂಬಿ ಹಚ್ಚತೀನಿ. ಹಸರಾತಂದ್ರ ಚಾಟ್ನಿ ಮಾಡಿಸಿ ಮುಂದಿನ ವರ್ಷಕ್ಕ ಬಿಡತೀನಿ."

ಚಾಟ್ನಿ ಎಂದರೆ ಹಣ್ಣು ಮುಗಿದ ಮೇಲೆ ಬಳ್ಳಿಯ ಕೊನೆಗಳನ್ನೆಲ್ಲ ಕತ್ತರಿಸಿ ಬೋಳು ಮಾಡುವುದು. ಬೇಸಿಗೆಯ ಬಿಸಿಲಿಗೆ ಹೊಸ ಚಿಗುರು ಒಡೆದು, ಅದರಲ್ಲೇ ಮುಂದಿನ ವರ್ಷದ ಹಣ್ಣಿನ ಕಣ್ಣು ಕಟ್ಟುತ್ತದೆ. ಅದನ್ನು ತಡ ಮಾಡುವಂತಿಲ್ಲ. ಮಣೂಕ ಶೆಡ್ಡಿನಿಂದ ಇಳಿಯುವ ಹೊತ್ತಿಗೆ ಬಳ್ಳಿಯ ತೀರ್ಪೂ ಆಗಬೇಕಿತ್ತು.

"ಅಪ್ಪಾ, ಹದಿನಾರು ವರ್ಷದ ಬಳ್ಳಿ ಅದಾವ," ಎಂದೆ.

"ಅದಕ್ಕಽ ಪರೀಕ್ಷಾ ಮಾಡಾಕತ್ತೀನಿ ಬೇ. ಇಲ್ಲಾಂದ್ರ ಹ್ವಾದ ವರ್ಷನಽ ಕಡೀತಿದ್ದೆ."

ಮೊದಲ ವಾರ ಹವಾ ನಮ್ಮ ಕಡೆಗಿತ್ತು. ಏನು ಬಿಸಿಲು, ಏನು ಗಾಳಿ! ಚಪ್ಪಲಿ ಬಿಟ್ಟು ಅಂಗಳಕ್ಕೆ ಕಾಲಿಡುವಂತಿರಲಿಲ್ಲ. ಕೊಯ್ಲಿನ ಹೆಣ್ಣುಮಕ್ಕಳು ಹೊತ್ತು ಹುಟ್ಟುವ ಮೊದಲೇ ಬಂದು, ಬಿಸಿಲೇರುವುದರೊಳಗೆ ಕೆಲಸ ಮುಗಿಸಿ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚುತ್ತಿದ್ದರು. ಅವರ ಮುಂದಾಳು ಗೌರಕ್ಕ. ಶೆಡ್ಡು ಕಟ್ಟಿದ ವರ್ಷದಿಂದ ನಮ್ಮಲ್ಲಿ ದುಡಿಯುವವಳು, ನನ್ನ ಅವ್ವನಿಗಿಂತ ಎರಡು ಮಾತು ಹೆಚ್ಚೇ ಆಡುವವಳು. ಟಾವೆಲ್ ಪ್ರತಿದಿನ ಒಣಗುತ್ತಿತ್ತು. ಅಪ್ಪ ಪ್ರತಿದಿನ ಚಹಾ ಕೇಳುತ್ತಿದ್ದ. ಮೇಲಿನ ಜಾಳಿಗೆಯ ಒಂದು ಕಾಳು ಹಿಡಿದು ಬೆಳಕಿಗೆ ತೋರಿಸಿ, "ನೋಡಿದ್ಯಾ? ಇದು ಹಸರ ಆಗೂ ಬಣ್ಣ," ಎಂದು ನಗುತ್ತಿದ್ದ. ನಾನು ಕುಣಿಯುವುದೊಂದು ಬಾಕಿ.

ಎಂಟನೆಯ ದಿನವೋ ಒಂಬತ್ತನೆಯ ದಿನವೋ, ಪಡದ ಸುತ್ತು ಹೋದ ಅಪ್ಪ ಮರಳಿ ಬರಲಿಲ್ಲ. ಗೌರಕ್ಕ ಕೂಗಿದ್ದು ಕೇಳಿ ಓಡಿದೆ. ಬೆನ್ನು ಹಿಡಿದುಕೊಂಡು ಬದುವಿನ ಮೇಲೆ ಮುದ್ದೆಯಾಗಿ ಕೂತಿದ್ದ, ಮುಖ ಬಿಳಿಚಿತ್ತು. ಬಿಸಿಲಿನಲ್ಲಿ ನೀರು ಕುಡಿಯದೆ ತಿರುಗುವವರಿಗೆ ನಮ್ಮ ಕಡೆ ಬೇಸಿಗೆಯ ಬಳುವಳಿ ಅದು, ಕಿಡ್ನಿಯಲ್ಲಿ ಹರಳು. ಜೀಪು ಮಾಡಿ ವಿಜಯಪುರದ ದವಾಖಾನೆಗೆ ಸಾಗಿಸಿದೆವು. ಅವ್ವ ಜೊತೆಗೆ ಉಳಿದಳು. ಹರಳು ತೆಗೆಯಬೇಕು, ನಾಲ್ಕೈದು ದಿನ ಬೇಕು ಎಂದರು. ಮಂಚದ ಮೇಲೆ ಮಲಗಿಕೊಂಡೇ ಅಪ್ಪ ನನ್ನ ಕೈ ಹಿಡಿದು, "ನೀ ಇಲ್ಲಿ ಇರಬ್ಯಾಡ, ಶೆಡ್ಡಿಗಿ ಹೋಗು. ಹನಿ ಬೀಳೂತನಾ ಪಡದಾ ಮುಟ್ಟಬ್ಯಾಡ," ಎಂದ. ನೋವಿನಲ್ಲೂ ಅದನ್ನೇ ಎರಡು ಸಲ ಹೇಳಿದ.

ಶೆಡ್ಡಿನ ಜವಾಬ್ದಾರಿ ಒಬ್ಬಳ ಮೇಲೆ ಬಿದ್ದದ್ದು ನನಗೆ ಅದೇ ಮೊದಲು. ಮರುದಿನ ಮಧ್ಯಾಹ್ನ ಮೂಡಣದಿಂದ ಮೋಡ ಎದ್ದವು. ಮೊದಲು ಬೂದಿ ಬಣ್ಣ, ನೋಡನೋಡುತ್ತ ಎಮ್ಮೆಯ ಬಣ್ಣ. ಫೋನು ತೆಗೆದು ನೋಡಿದೆ, ಮಳೆ ಎಂದಿತು. ಕಾಲು ತಾಸಿಗೆ ಮತ್ತೆ ನೋಡಿದೆ, ಇಲ್ಲ ಎಂದಿತು. ಮತ್ತೆ ನೋಡಿದೆ, ಮಳೆ ಎಂದಿತು. ಶೆಡ್ಡಿನ ಈ ತುದಿಯಿಂದ ಆ ತುದಿಗೆ ಎಷ್ಟು ಸಲ ತಿರುಗಿದೆನೋ! ಗೌರಕ್ಕ, "ಕುಂದರ್ರಿ ಅಕ್ಕಾರ, ನಿಮ್ಮನ್ನ ನೋಡಿ ನನಗ ತಲಿ ತಿರಗಾಕತ್ತೈತಿ," ಎಂದಳು.

ಆಗ ಬಬಲೇಶ್ವರದಿಂದ ಕಮಲಾಳ ಫೋನು ಬಂತು. ಹಿಂದೆ ತಗಡಿನ ಮೇಲೆ ಕಲ್ಲು ಸುರಿದಂಥ ಸದ್ದು.

"ಅಕ್ಕಾ, ಆಣೆಕಲ್ಲು ಬೀಳಾಕತ್ತಾವ! ಇಷ್ಟಿಷ್ಟು ದಪ್ಪ! ಸಂತಿಗೆ ಬಂದ ಮಂದಿ ಎಲ್ಲಾ ಅಂಗಡಿ ಕಟ್ಟಿ ಮ್ಯಾಲ ನಿಂತಾರ. ನಿಮ್ಮ ಕಡೆ ಬರಾಕತ್ತೈತಿ, ಪಡದಾ ಇಳಸು, ಲಗೂ ಇಳಸು!"

ಇಳಿಸಿದೆ. ಹನಿ ಬಿದ್ದಿರಲಿಲ್ಲ, ಆದರೂ ಇಳಿಸಿದೆ. ನಾಲ್ಕೂ ಕಡೆಯ ಪಡದಾ ಇಳಿಸಿ, ಕೆಳಗೆ ಕಲ್ಲು ಹೇರಿ, ಸಂದು ಬಿಡದಂತೆ ಹಗ್ಗ ಬಿಗಿದೆ. ಆ ಬಳ್ಳಿಗಳನ್ನು ಉಳಿಸುತ್ತಿದ್ದೇನೆ ಎಂದೇ ತಿಳಿದಿದ್ದೆ, ದೇವರಾಣೆ. ಅರ್ಧ ತಾಸು ಕಾದೆವು. ಒಂದು ತಾಸು. ಮೋಡ ತಲೆಯ ಮೇಲೆ ನಿಂತವು, ಒಂದು ಹನಿಯೂ ಉದುರಲಿಲ್ಲ.

"ಮಳಿ ಬಬಲೇಶ್ವರದಾಗ ಮುಗೀತ್ರಿ. ಪಡದಾ ಎತ್ತೂಣು," ಎಂದಳು ಗೌರಕ್ಕ.

"ಮೋಡ ಹಂಗಽ ಅದಾವಲ್ಲ?"

"ಮೋಡ ಇರಲ್ರೀ, ಗಾಳಿನೂ ಐತಲ್ಲ. ಇಲ್ಲಿ ನೋಡ್ರಿ, ನನ್ನ ಸೆರಗು ಹ್ಯಾಂಗ ಹಾರಾಕತ್ತೈತಿ."

ಹಾರುತ್ತಿತ್ತು, ನಿಜ. ನಾನು ನೋಡಿದೆ. ಆದರೆ ನನ್ನ ಕಿವಿಯಲ್ಲಿ ಕಮಲಾಳ ಮನೆಯ ತಗಡಿನ ಸದ್ದೇ ತುಂಬಿತ್ತು. ಬೆಳಿಗ್ಗೆ ಎತ್ತೋಣ ಎಂದೆ. ಬೆಳಿಗ್ಗೆಯೂ ಮೋಡ ಇತ್ತು, ಮಧ್ಯಾಹ್ನ ಎತ್ತೋಣ ಎಂದೆ. ಹೀಗೆ ಮೂರು ದಿನ. ಎರಡು ಸಲ ಒಂದು ಕಡೆಯ ಹಗ್ಗ ಬಿಚ್ಚಿ, ದೂರದಲ್ಲಿ ಗುಡುಗಿದ್ದು ಕೇಳಿ ಮತ್ತೆ ಬಿಗಿದೆ. ಗೌರಕ್ಕ ಎರಡನೆಯ ದಿನ ಜಗಳವನ್ನೇ ತೆಗೆದಳು. "ಧಣಿ ಇದ್ದಿದ್ರ ನಿಮ್ಮನ್ನ ಬಿಡತಿದ್ದಿಲ್ಲ ನೋಡ್ರಿ," ಎಂದಳು. ನಾನು ಸಿಟ್ಟಿಗೆದ್ದು, "ಹಾಳಾದ್ರ ನೀ ಜವಾಬ್ದಾರಿ ತಗೊಳ್ತೀಯೇನು?" ಎಂದುಬಿಟ್ಟೆ. ಅವಳು ಆಮೇಲೆ ಆ ಮಾತು ತೆಗೆಯಲಿಲ್ಲ. ದುಡಿಯಲು ಬಂದವಳ ಬಾಯಿ ಮುಚ್ಚಿಸುವುದು ಎಷ್ಟು ಸುಲಭ, ನೋಡಿ.

ದವಾಖಾನೆಯಿಂದ ಅಪ್ಪನ ಫೋನು ದಿನಕ್ಕೆ ಎರಡು ಸಲ ಬರುತ್ತಿತ್ತು. ಹೇಗಿದ್ದೀ ಎಂದು ನಾನು ಕೇಳುವ ಮೊದಲೇ, "ಟಾವೆಲ್ ಒಣಗಿತೇನು?" ಎನ್ನುತ್ತಿದ್ದ. ತನ್ನ ಟಾವೆಲನ್ನು ಶೆಡ್ಡಿನಲ್ಲೇ ಬಿಟ್ಟು ಹೋಗಿದ್ದ. ಹೇಳಿದಂತೆ ನಾನು ಅದನ್ನು ಅದ್ದಿ, ಹಿಂಡಿ, ನಡುವಿನ ತಂತಿಗೆ ಹಾಕುತ್ತಿದ್ದೆ, ಪಡದ ಸುತ್ತು ಹೋಗಿ ಬರುತ್ತಿದ್ದೆ. ಮುಚ್ಚಿದ ಶೆಡ್ಡಿನಲ್ಲಿ ಒಣಗುವುದೆಲ್ಲಿಂದ ಬಂತು?

"ಇಲ್ಲಪಾ, ಹಸಿನಽ ಐತಿ."

"ಪಡದಾ ಎತ್ತೀಯಿಲ್ಲೋ?"

"ಎತ್ತೀನಿ."

ಆ ಒಂದು ಶಬ್ದ ನನ್ನ ಬಾಯಿಂದ ಹೇಗೆ ಬಂತೋ ಇವತ್ತಿಗೂ ತಿಳಿಯದು. ಹರಳಿನ ನೋವಿನಲ್ಲಿರುವವನಿಗೆ ಚಿಂತೆ ಯಾಕೆ, ಇನ್ನೊಂದು ತಾಸಿಗೆ ಹೇಗೂ ಎತ್ತುತ್ತೇನಲ್ಲ ಎಂದುಕೊಂಡಿರಬೇಕು. ಆ ಕಡೆಯಿಂದ ಅಪ್ಪ ಮೆಲ್ಲಗೆ, "ಪಡದಾ ಎತ್ತಿದ್ರೂ ಒಣಗಲಿಲ್ಲಾ?" ಎಂದ.

"ಇಲ್ಲ."

ಪೂರ್ತಿ ಸುಳ್ಳು ಹೇಳಿ, ಒಣಗಿದೆ ಎಂದಿದ್ದರೂ ಒಳ್ಳೆಯದಿತ್ತು. ಟಾವೆಲಿನದು ನಿಜ, ಪಡದಾದ್ದು ಸುಳ್ಳು. ಎರಡೂ ಸೇರಿ ಅಪ್ಪನ ಪರೀಕ್ಷೆಯನ್ನು ಕೆಡಿಸಿದವು. ಅಷ್ಟನ್ನು ಯೋಚಿಸುವಷ್ಟು ನಿಧಾನ ನನಗೆ ಆಗ ಇರಲಿಲ್ಲ. ಫೋನಿಟ್ಟವಳೇ ಮತ್ತೆ ಆಕಾಶ ನೋಡಲು ಓಡಿದ್ದೆ.

ನಾಲ್ಕನೆಯ ದಿನ ಮೋಡ ಸರಿದು ಬಿಸಿಲು ಬಿತ್ತು. ಪಡದಾ ಎತ್ತಿದಾಗ ಒಳಗಿನಿಂದ ಹುಳಿ ವಾಸನೆ ಬಂತು, ಹಿಟ್ಟು ಉಕ್ಕಿ ಮರೆತುಹೋದ ಪಾತ್ರೆಯ ವಾಸನೆ. ತಾಡಪತ್ರಿಯ ಒಳಮೈ ಬೆವೆತಿತ್ತು. ಕೆಳಗಿನ ಜಾಳಿಗೆಯಿಂದ ಮೇಲಿನವರೆಗೆ ಎಲ್ಲ ಕಾಳೂ ಕಂದು, ಕೆಲವು ಕರ್ರಗೆ. ಗೌರಕ್ಕ ಒಂದು ಕಾಳು ಹಿಚುಕಿ ನೋಡಿ, ಕೈಯನ್ನು ಸೀರೆಗೆ ಒರೆಸಿಕೊಂಡಳು. "ಅಯ್ಯ ಶಿವನ," ಎಂದಳು, ಅಷ್ಟೇ. ನಾನು ಅತ್ತೆ. ಅಳುತ್ತಲೇ ಅವಳ ಕೈ ಹಿಡಿದು, "ಅಪ್ಪಗ ಹೇಳಬ್ಯಾಡ," ಎಂದೆ. "ನಾ ಯಾಕ ಹೇಳಲ್ರೀ? ನೀವಽ ಹೇಳ್ರಿ," ಎಂದಳು ಅವಳು.

ಮರುದಿನ ಅಪ್ಪ ಬಂದ. ಜೀಪಿನಿಂದ ಇಳಿದು ಮನೆಗೂ ಹೋಗದೆ, ಅವ್ವನ ಹೆಗಲು ಹಿಡಿದುಕೊಂಡು ನೇರ ಶೆಡ್ಡಿಗೆ ನಡೆದ. ಐದು ದಿನದಲ್ಲಿ ಎಷ್ಟು ಇಳಿದುಹೋಗಿದ್ದ! ಒಂದೊಂದು ಅಂತಸ್ತಿನಿಂದ ಒಂದೊಂದು ಕಾಳು ತೆಗೆದು ಅಂಗೈಯಲ್ಲಿ ಸಾಲಾಗಿ ಇಟ್ಟು ನೋಡಿದ. ನನ್ನ ಮುಖ ನೋಡಲಿಲ್ಲ.

"ಮಳಿ ಬರಲಿಲ್ಲಲ್ಲ?"

"ಇಲ್ಲಪಾ."

"ಪಡದಾ ಎತ್ತೇ ಇತ್ತಲ್ಲ?"

ಗೌರಕ್ಕ ಜಾಳಿಗೆಯ ಆ ಕಡೆ ನಿಂತಿದ್ದಳು. ಅವಳು ನನ್ನನ್ನೇ ನೋಡುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಹೇಳಲು ಬಾಯಿ ತೆರೆದೆ. ಅಪ್ಪ ಅವ್ವನ ಹೆಗಲಿಗೆ ಇನ್ನಷ್ಟು ಭಾರ ಬಿಟ್ಟು ಒರಗಿದ್ದು ಕಂಡಿತು. "ಹೂಂ," ಎಂದೆ.

"ಹಂಗಾದ್ರ ಗಾಳಿನಽ ಕೆಟ್ಟೈತಿ," ಎಂದ ಅಪ್ಪ. ಸಿಟ್ಟಿರಲಿಲ್ಲ. ಪರೀಕ್ಷೆ ಮುಗಿಯಿತು, ಉತ್ತರ ಸಿಕ್ಕಿತು ಎನ್ನುವಂತೆ ಹೇಳಿದ.

ಚಾಟ್ನಿಗೆಂದು ಹೇಳಿಟ್ಟಿದ್ದ ಆಳುಗಳೇ ಆ ವಾರ ಗರಗಸ ಹಿಡಿದು ಬಂದರು. ಅದನ್ನು ನೋಡುವ ಧೈರ್ಯ ನನಗಿರಲಿಲ್ಲ. ಕ್ಲಾಸು ಶುರುಮಾಡಬೇಕು ಎಂದು ನೆವ ಹೇಳಿ, ಹಿಂದಿನ ದಿನವೇ ವಿಜಯಪುರದ ಬಸ್ಸು ಹತ್ತಿದೆ. ಎರಡು ದಿನದಲ್ಲಿ ಪಡ ಬಯಲಾಯಿತು ಎಂದು ಕಮಲಾ ಫೋನು ಮಾಡಿ ಹೇಳಿದಳು, ಅವಳೂ ಅತ್ತಳು. ಆಣೆಕಲ್ಲಿನ ಸುದ್ದಿ ಹೇಳಿದ್ದು ತಾನೇ ಎಂಬುದು ಅವಳಿಗೆ ನೆನಪೇ ಇರಲಿಲ್ಲ. ಬೊಡ್ಡೆಗಳನ್ನು ಕಡಿದು ಬಚ್ಚಲ ಹಿಂದೆ ಒಟ್ಟಿದ್ದರು. ಅವ್ವ ಎರಡು ವರ್ಷ ಜಳಕದ ಹಂಡೆಗೆ ಅವನ್ನೇ ಉರಿ ಹಾಕಿದಳು. ನಾನು ತವರಿಗೆ ಹೋದಾಗೆಲ್ಲ, "ಬಿಸಿನೀರು ಕಾದಾವ, ಜಳಕ ಮಾಡು," ಎನ್ನುತ್ತಿದ್ದಳು. ಮಾಡುತ್ತಿದ್ದೆ. ಆ ನೀರು ಮೈಮೇಲೆ ಹೊಯ್ದುಕೊಳ್ಳುವಾಗ ನನಗೆ ಆಗುತ್ತಿದ್ದ ಸಂಕಟ ಯಾರಿಗೂ ಬೇಡ.

ಆಮೇಲೆ ನಮ್ಮೂರಲ್ಲಿ ಹವಾದ ಮಾತು ಬಂದಾಗೆಲ್ಲ ಅಪ್ಪನೇ ಸಾಕ್ಷಿ. "ನಾ ಪರೀಕ್ಷಾ ಮಾಡಿ ನೋಡೀನಿ," ಎನ್ನುತ್ತಿದ್ದ. ಜನ ನಂಬುತ್ತಿದ್ದರು, ಯಾಕೆಂದರೆ ಅಪ್ಪ ಸುಮ್ಮನೆ ಮಾತಾಡುವವನಲ್ಲ. ಹವಾ ಬದಲಾಗಿಲ್ಲ ಎಂದು ನಾನು ಹೇಳುತ್ತಿಲ್ಲ. ಬೇಸಿಗೆ ಮೊದಲಿನ ಬೇಸಿಗೆಯಲ್ಲ. ಸೆಕೆ ಬೇಗ ಬರುತ್ತದೆ, ಅಡ್ಡಮಳೆ ಹೇಳದೆ ಕೇಳದೆ ಬರುತ್ತದೆ, ಕಣ್ಣಾರೆ ಕಾಣುತ್ತಿದ್ದೇವೆ. ಅದರ ತಪ್ಪು ಅದಕ್ಕೇ ಬೇಕಾದಷ್ಟಿದೆ. ನನ್ನ ತಪ್ಪನ್ನೂ ಅದರ ತಲೆಗೆ ಕಟ್ಟಿ ಐದು ವರ್ಷ ಸುಮ್ಮನಿದ್ದೆ, ಅದೇ ನನ್ನನ್ನು ಕೂರಗೊಡುತ್ತಿರಲಿಲ್ಲ.

ಅಂಗಡಿಯಿಂದ ಮನೆಗೆ ಬಂದವಳಿಗೆ ಆ ದಿನ ಹೊಲಿಗೆ ಕೈಗೆ ಹತ್ತಲಿಲ್ಲ. ಮರುದಿನ ಬೆಳಿಗ್ಗೆ ತಿಕೋಟಾಕ್ಕೆ ಹೊರಟೆ. ಹೇಳಬೇಕೆಂದು ಹೋದೆನೆಂದರೆ ಸುಳ್ಳಾಗುತ್ತದೆ, ಕಾಲು ಹೋಯಿತು, ನಾನೂ ಹೋದೆ. ಅಪ್ಪ ನಿಂಬೆಯ ತೋಟದ ಬಾಯಿಗೆ ಹೊರಸು ಹಾಕಿಕೊಂಡು ಕೂತಿದ್ದ. ಎದುರಿಗೆ ಬಸು. ಪಕ್ಕದ ಹೊಲದವನು, ಎರಡು ಮಕ್ಕಳ ತಂದೆ, ನಮ್ಮ ಸೀಮೆಯಲ್ಲಿ ಇನ್ನೂ ದ್ರಾಕ್ಷಿ ಬಿಡದವರಲ್ಲಿ ಒಬ್ಬ. ಅವನ ಮುಖ ಬಾಡಿತ್ತು.

"ಮ್ಯಾಲಿನ ಎರಡ ಅಂತಸ್ತಿನ ಮಣೂಕ ಕರ್ರಗಾಗ್ಯಾವ ಕಾಕಾ. ನಾಳಿ ಆಳು ಬರತಾವ. ಚಾಟ್ನಿ ಮಾಡಸ್ಲೇನು, ಕಡಸೇ ಬಿಡ್ಲೇನು? ನೀ ಹೇಳಿದಂಗ ಮಾಡತೀನಿ."

"ನನ್ನ ಕೇಳಿದ್ರ ಕಡಸಿಬಿಡು ತಮ್ಮಾ," ಎಂದ ಅಪ್ಪ. "ನಾ ನೋಡೀನಿ. ಒಂದು ಹನಿ ಮಳಿ ಇಲ್ಲ, ಮೂರು ದಿನ ಪಡದಾ ಎತ್ತಿಟ್ಟರೂ ಟಾವೆಲ್ ಒಣಗಲಿಲ್ಲ. ಮುಗೀತದು, ಗಾಳಿ ಸತ್ತೈತಿ. ನನ್ನ ಮಗಳು ಇಲ್ಲೇ ಬಂದಾಳ, ಬೇಕಾದ್ರ ಕೇಳು. ಆಕಿನಽ ಇದ್ದಳು ಶೆಡ್ಡಿನಾಗ. ಹೇಳವಾ ಇವಂಗ."

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಬಸುವಿನ ಹಂದರ ಅಪ್ಪನ ಹೆಗಲ ಆಚೆಗೇ ಕಾಣುತ್ತಿತ್ತು, ಅದರ ಬಳ್ಳಿ ನನ್ನ ತೋಳಿನಷ್ಟು ದಪ್ಪ.

"ಪಡದಾ ಎತ್ತಿದ್ದಿಲ್ಲಪಾ," ಎಂದೆ.

"ಏನಂದಿ?"

"ಮೂರೂ ದಿನ ಮುಚ್ಚಿಟ್ಟಿದ್ದೆ. ಕಮಲಾ ಫೋನ್ ಮಾಡಿ ಆಣೆಕಲ್ಲು ಬೀಳಾಕತ್ತಾವ ಅಂದಳು, ನನಗ ಜೀವ ಹೋದಂಗಾತು, ಇಳಿಸಿದೆ. ಆಮ್ಯಾಲ ಎತ್ತಾಕ ಧೈರ್ಯ ಆಗಲಿಲ್ಲ. ಗೌರಕ್ಕ ಎತ್ರಿ ಎತ್ರಿ ಅಂತ ಬಡಕೊಂಡಳು, ಕೇಳಲಿಲ್ಲ. ನಿನಗ ಸುಳ್ಳು ಹೇಳಿದೆ. ಮಣೂಕ ಗಾಳಿಗಿ ಕೆಡಲಿಲ್ಲ, ನನ್ನ ಕೈಯಾಗ ಕೆಟ್ಟಾವ."

ಬಸು ನೆಲ ನೋಡತೊಡಗಿದ. ಅಪ್ಪ ಬೈಯುತ್ತಾನೆ, ಎದ್ದು ಬಂದು ಹೊಡೆದರೂ ಹೊಡೆಯಲಿ ಎಂದು ನಿಂತಿದ್ದೆ. ಅವನು ಕೇಳಿದ್ದು ಒಂದೇ ಮಾತು.

"ಹೊರಗ ಗಾಳಿ ಇತ್ತೇನು?"

"ಇತ್ತಪಾ. ಗೌರಕ್ಕನ ಸೆರಗು ಹಾರತಿತ್ತು."

ಅಪ್ಪ ಎದ್ದ. ಹೆಗಲ ಮೇಲಿನ ಟಾವೆಲ್ ತೆಗೆದು ದನದ ನೀರಿನ ದೋಣಿಯಲ್ಲಿ ಅದ್ದಿದ, ಗಟ್ಟಿಯಾಗಿ ಹಿಂಡಿದ. ಕೈಗೆ ಮೊದಲಿನ ಕಸುವಿಲ್ಲ, ಎರಡು ಸಲ ಹಿಂಡಬೇಕಾಯಿತು. ನಿಂಬೆಯ ಟೊಂಗೆಗೆ ಹರವಿ, ನಮ್ಮಿಬ್ಬರ ಕಡೆ ನೋಡದೆ ತೋಟದ ಸುತ್ತು ಹೊರಟ. ಐದು ವರ್ಷದಿಂದ ಅವನು ಹಾಗೆ ಸುತ್ತು ಹೋದದ್ದನ್ನು ನಾನು ನೋಡಿರಲಿಲ್ಲ. ಮೊದಲು ಬದುವಿನ ತುದಿ, ಆಮೇಲೆ ಬಾವಿ, ಆಮೇಲೆ ಹಳೆಯ ಶೆಡ್ಡು ಇದ್ದ ಜಾಗ. ಅಲ್ಲಿ ಸ್ವಲ್ಪ ನಿಂತ. ಬಸು, "ಕುಂದರಕ್ಕಾ," ಎಂದು ಹೊರಸು ತೋರಿಸಿದ. ನಾನು ಕೂರಲಿಲ್ಲ.

ಅಪ್ಪ ಸುತ್ತು ಮುಗಿಸಿ ಬಂದು ಟಾವೆಲಿನ ಅಂಚು ಮುಟ್ಟಿದ. ನಡುವೆ ಮುಟ್ಟಿದ. ಒಣಗಿತ್ತು. ಒಂದು ದಿನದ ಗಾಳಿ ಐದು ವರ್ಷದ ಹವಾಕ್ಕೆ ಸಾಕ್ಷಿಯಾಗದು, ಅದು ನನಗೂ ಗೊತ್ತು, ಅಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಅವನು ಅದನ್ನು ಕೆನ್ನೆಗೆ ಒತ್ತಿ ಹಿಡಿದು ನಿಂತ.

"ನಾಳಿ ಚಾಟ್ನಿ ಮಾಡಸು," ಎಂದ ಬಸುವಿಗೆ. "ಮ್ಯಾಲಿನ ಅಂತಸ್ತು ತಗಡಿಗಿ ಹತ್ರ ಆಗೈತಿ, ಗಾಳಿ ಆಡಂಗಿಲ್ಲಲ್ಲಿ. ಮುಂದಿನ ವರ್ಷ ಅಲ್ಲಿ ಹರವಬ್ಯಾಡ. ಅಷ್ಟ."

ಬಸು ಅವನ ಕಾಲು ಮುಟ್ಟಿ, ತನ್ನ ಹೊಲದ ಕಡೆ ಓಡಿಯೇ ಹೋದ. ನಾನು ಅಪ್ಪನ ಎದುರಿಗೆ ನಿಂತೇ ಇದ್ದೆ. ಅವನು ಟಾವೆಲನ್ನು ಮಡಚಿ ಹೆಗಲಿಗೆ ಹಾಕಿಕೊಂಡ.

"ಗಾಳಿಗಿ ಐದು ವರ್ಷ ಬೈದೆ ಬೇ," ಎಂದ. "ದಿನಾ ಮುಂಜಾನೆ ಎದ್ದು ಬೈದೇನಿ."

ನನಗೆ ಒಂದು ಮಾತೂ ಬೈಯಲಿಲ್ಲ. ಒಳಗೆ ಹೋಗಿ ಅವ್ವನಿಗೆ ಚಹಾ ಇಡಲು ಹೇಳಿದ. ಇಬ್ಬರಿಗೂ ಇಡು ಎಂದ. ಚಹಾ ಕುಡಿದೆವು, ನಿಂಬೆಯ ಬಗ್ಗೆ, ನನ್ನ ಮಗಳ ಪರೀಕ್ಷೆಯ ಬಗ್ಗೆ ಎರಡು ಮಾತಾಡಿದೆವು. ಸಂಜೆಯ ಬಸ್ಸಿಗೆ ಹೊರಟಾಗ, ನಿಲ್ದಾಣದವರೆಗೂ ಬಂದು ಹತ್ತಿಸಿದ. ಬಸ್ಸು ಅರ್ಧ ಖಾಲಿಯಿತ್ತು. ಕಂಡಕ್ಟರ್ ಎರಡು ಸಲ ಸೀಟು ತೋರಿಸಿದ. ಹೇಳಿಯಾದ ಮೇಲೂ ಕೂರಲಾಗಲಿಲ್ಲ; ಕಂಬ ಹಿಡಿದುಕೊಂಡು, ತಿಕೋಟಾದಿಂದ ವಿಜಯಪುರದವರೆಗೆ ನಾನು ನಿಂತೇ ಬಂದೆ.